ಅಂಗಡಿ ಮಾತು

"ಜಿಲ್ವಿ," ಅಂದರು ಮಾವ.

ಕಿಟಕಿಯ ಪಕ್ಕ ಕೂತು ಹೊದಿಕೆಯ ಹರಿದ ಅಂಚು ಹೊಲಿಯುತ್ತಿದ್ದ ಸೊಸೆ ತಲೆ ಎತ್ತಲಿಲ್ಲ. ಇನ್ನೊಂದು ಸಲ ಅಂದಾಗ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಎದ್ದು ಬಂದಳು. ಮುದುಕರ ಮುಖದ ಮೇಲೆ ಬಗ್ಗಿ, ಕಿವುಡರ ಹತ್ತಿರ ಮಾತಾಡುವವರಂತೆ, "ಏನು ಮಾವ? ಏನು ಬೇಕು? ದಿಂಬು ಸರಿ ಮಾಡ್ಲಾ?" ಎಂದು ಗಟ್ಟಿಯಾಗಿ ಕೇಳಿದಳು. ದಿಂಬು ಸರಿ ಮಾಡಿದಳು. ಅವರು ತಲೆ ಅಲ್ಲಾಡಿಸಿದರು. ಕಿಟಕಿ ತೆಗೆದಳು, ಅಲ್ಲ. ಮುಚ್ಚಿದಳು, ಅದೂ ಅಲ್ಲ. ಬಿರಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳಲು ಹೋಗಿ ಅದೂ ಆಗದೆ ಅವರು ಮತ್ತೆ ಜಿಲ್ವಿ ಅಂದರು. ಜಿಲ್ವಿ ಅಂದರೆ ಪಾಲಿಶ್, ಒಣಗಿದ ಮರಕ್ಕೆ ಹಚ್ಚುವ ಪಾಲಿಶ್. ಈ ಮನೆಯ ಗಂಡಸರ ಗುಟ್ಟಿನ ಅಂಗಡಿ ಮಾತಿನಲ್ಲಿ ನೀರಿಗೆ ಪದವಿಲ್ಲ, ಹಾಗಾಗಿ ಮನುಷ್ಯ ಮೂರು ಹೊತ್ತೂ ಪಾಲಿಶ್ ಕೇಳುತ್ತಿದ್ದ. ಇದು ಅವಳಿಗೆ ಮೊದಲ ದಿನವೇ ಅರ್ಥವಾಗಿತ್ತು. ಅವರ ಎಡಗೈಗೆ ಇನ್ನೂ ಸ್ವಾಧೀನವಿತ್ತು. ಬಾಯಿಯ ಹತ್ತಿರ ತಂದು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸುತ್ತಿರಲಿಲ್ಲ. ಸೊಸೆಯ ಮುಂದೆ ಬೇಡುವವನ ಹಾಗೆ ಬಾಯಿಗೆ ಕೈ ತೋರಿಸುವ ಜಾಯಮಾನ ಅವರದಲ್ಲ. ಅದನ್ನು ತಿಳಿದೇ ಅವಳು ಲೋಟವನ್ನು ಅವರ ಕಣ್ಣಿಗೆ ಬೀಳದಂತೆ ಅಡಿಗೆಮನೆಯಲ್ಲಿಟ್ಟಿದ್ದಳು. ಸಾಕಷ್ಟು ಹೊತ್ತಾದ ಮೇಲೆ, ಈಗಷ್ಟೇ ಹೊಳೆಯಿತೆಂಬಂತೆ ಹಣೆ ಚಚ್ಚಿಕೊಂಡು, "ಅಯ್ಯೋ, ನೀರಾ? ನೀರು ಅಂತ ಹೇಳಬಾರದಾ ಮಾವ? ನಿಮ್ಮ ಮಾತು ನಮ್ಮಂಥೋರಿಗೆ ಎಲ್ಲಿ ಅರ್ಥ ಆಗುತ್ತೆ?" ಅಂದಳು. ಕುಡಿಸುವಾಗ ಚಮಚ ಅವರ ಹಲ್ಲಿಗೆ ತಾಗಿ ಸದ್ದಾಯಿತು. ಕುಡಿದು ಮುಗಿಸಿ ಅವರು ಅವಳನ್ನೇ ನೋಡುತ್ತ, "ಲೊಂಬೆ," ಅಂದರು. ಅದಕ್ಕೂ ಅವಳು, ಆಯಿತು ಎಂಬಂತೆ ತಲೆಯಾಡಿಸಿದಳು.

ಲೊಂಬೆ ಅಂದರೆ ತನ್ನ ಮನೆಯಲ್ಲಿರುವ ವಸ್ತುವಿನ ಬೆಲೆ ತನಗೇ ಗೊತ್ತಿಲ್ಲದವಳು. ಈ ಮನೆಯ ಗಂಡಸರು ಹಳೆಯ ಪೀಠೋಪಕರಣದ ವ್ಯಾಪಾರದವರು. ಹೆಚ್ಚಾಗಿ ಸಾವಾದ ಮನೆಗಳಿಂದ ಸಾಮಾನು ಎತ್ತುವವರು. ಯಾರಾದರೂ ತೀರಿಕೊಂಡು ಒಂದಷ್ಟು ದಿನ ಕಳೆದ ಮೇಲೆ ಚಪ್ಪಲಿ ಹೊರಗೆ ಬಿಟ್ಟು, ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಹೆಂಡತಿಯೋ ಮಗಳೋ ಒಬ್ಬಳು ಬಾಗಿಲಲ್ಲಿ ಸೆರಗು ಹಿಡಿದುಕೊಂಡು ನಿಂತಿರುತ್ತಾಳೆ. ಅವಳೆದುರಿಗೇ, ಸಂತಾಪ ಹೇಳುವ ಧ್ವನಿಯಲ್ಲೇ, ತಂದೆ ಮಕ್ಕಳು ಮಾತಾಡಿಕೊಳ್ಳುತ್ತಾರೆ: ಬೀರು ಒಳ್ಳೆಯದು, ಇವಳು ಲೊಂಬೆ, ಮೊದಲು ಆ ಮುರುಕು ಮೇಜನ್ನು ಹೊಗಳು, ಬೀರುವಿನ ಕಡೆ ನೋಡಬೇಡ. ಕೇಳುವವಳಿಗೆ ಅದು ಯಾವುದೋ ದೂರದ ಊರಿನವರ ಮಾತಿನಂತೆ ಕೇಳಿಸುತ್ತದೆ. ಪಾಪ, ತಮ್ಮ ಭಾಷೆಯಲ್ಲಿ ಮರುಗುತ್ತಿದ್ದಾರೆ ಅಂದುಕೊಂಡು ಕೆಲವರು ಕಣ್ಣೊರೆಸಿಕೊಳ್ಳುವುದೂ ಉಂಟಂತೆ. ಮೈದುನ ಒಮ್ಮೆ ಊಟಕ್ಕೆ ಕೂತಾಗ ಅದನ್ನು ಹೇಳಿ ಬಿದ್ದು ಬಿದ್ದು ನಕ್ಕಿದ್ದ, ಅಂಗಡಿ ಮಾತಿನಲ್ಲೇ. ಬಡಿಸುತ್ತಿದ್ದ ಅವಳು ನಗಲಿಲ್ಲ, ನಗು ಬರಲಿಲ್ಲವೆಂದಲ್ಲ. ಅರ್ಥವಾಗದವಳು ನಗುವುದು ಹೇಗೆ? ಈಗ ಮಾವನಿಗೆ ಲಕ್ವ ಹೊಡೆದು ಮನೆ ಮಾತು ಪೂರ್ತಿ ಹೋಗಿ ಅಂಗಡಿ ಮಾತು ಮಾತ್ರ ಉಳಿದಿದೆ. ಹೀಗಾಗುವುದುಂಟು, ತಲೆಯಲ್ಲಿ ಒಂದೊಂದು ಭಾಷೆಗೆ ಒಂದೊಂದು ಕೋಣೆ ಇದ್ದ ಹಾಗೆ ಎಂದ ಡಾಕ್ಟರು, ಇದು ಯಾವ ಭಾಷೆ ಎಂದು ಕೇಳಿದಾಗ ಅವಳ ಗಂಡ, "ಸುಮ್ನೆ ಬಡಬಡಿಕೆ ಡಾಕ್ಟ್ರೇ, ಅರ್ಥ ಇಲ್ಲ," ಅಂದಿದ್ದ. ತಂದೆಯ ಜೀವ ಉಳಿಸುವವನಿಗೂ ಗುಟ್ಟು ಬಿಡಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಗಂಡನ ಹಿಂದೆ ನಿಂತಿದ್ದ ಅವಳಿಗೆ ಆಗ ಹೊಟ್ಟೆಯೊಳಗೆ ಒಂದು ತಣ್ಣನೆಯ ಸಂತೋಷವಾಯಿತು. ಇನ್ನು ಮೇಲೆ ದಿನವಿಡೀ ಮಾವ ಅವಳೊಬ್ಬಳ ಕೈಯಲ್ಲಿ. ಮತ್ತು ಮನೆಯ ಕಟ್ಟಳೆಯ ಪ್ರಕಾರ ಅವಳಿಗೆ ಅಂಗಡಿ ಮಾತು ಬರುವುದಿಲ್ಲ.

ಕಟ್ಟಳೆ ಮಾಡಿದವರು ಇದೇ ಮಾವನೋ ಅವರ ಅಪ್ಪನೋ. ಹೆಣ್ಣುಮಕ್ಕಳಿಗೆ ಕಲಿಸಬಾರದು, ನಾಳೆ ಇನ್ನೊಬ್ಬರ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಸೊಸೆಯರಿಗೆ ಕಲಿಸಬಾರದು, ಅವರು ಬಂದದ್ದೇ ಇನ್ನೊಬ್ಬರ ಮನೆಯಿಂದ. ಗಂಡುಮಕ್ಕಳಿಗೆ ಮೀಸೆ ಮೂಡುವ ಮೊದಲೇ, ತಪ್ಪಿದರೆ ಗೆಣ್ಣಿಗೆ ಹೊಡೆದು ಕಲಿಸುವುದು. ಆದರೆ ಮನೆಯ ಹಿಂಭಾಗದ ಗೋದಾಮಿನಲ್ಲಿ ಬಂದ ಸಾಮಾನಿಗೆಲ್ಲ ಉಪ್ಪುಕಾಗದ ತಿಕ್ಕಿ ಪಾಲಿಶ್ ಹೊಡೆಯುವವರು ಮಾತ್ರ ಹೆಂಗಸರು. ಗಂಡಸರು ಬಾಗಿಲಲ್ಲಿ ನಿಂತು ಬೀರುವಿನ ಕಾಲು ಒದ್ದು ಏನೋ ಅನ್ನುತ್ತಿದ್ದರು, ಅವಳು ಬಗ್ಗಿ ಅದೇ ಕಾಲಿಗೆ ಪುಟ್ಟಿ ತುಂಬುತ್ತಿದ್ದಳು. ಹುಳು ಹಿಡಿದ ಮರ ಬಂದಾಗಲೆಲ್ಲ ಬರುವ ಪದ ಯಾವುದು, ಯಾವ ಪದ ಕೇಳಿದೊಡನೆ ಎಲ್ಲರೂ ಬಾಯಿ ಮುಚ್ಚಿ ಹಿಂದೆ ತಿರುಗಿ ನೋಡುತ್ತಾರೆ, ಯಾವ ಪದಕ್ಕೆ ಕೈಯಲ್ಲಿದ್ದುದನ್ನು ಹಾಗೇ ಬಿಟ್ಟು ಎದ್ದು ಬಂದುಬಿಡುತ್ತಾರೆ, ಇದಕ್ಕೆ ಯಾವ ಗುರುವೂ ಬೇಕಿರಲಿಲ್ಲ. ಕಲಿಯಬೇಕೆಂದು ಕಲಿತದ್ದಲ್ಲ. ಕಿವಿಗೆ ರೆಪ್ಪೆ ಇಲ್ಲವಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ಒಂದು ವಾಕ್ಯ ಅರ್ಥವಾಗಿಬಿಟ್ಟಾಗ ಅವಳು ಹೆದರಿ ಕೈಯಲ್ಲಿದ್ದ ಪಾಲಿಶ್ ಡಬ್ಬಿ ಬೀಳಿಸಿದ್ದಳು. ಆ ವಾಕ್ಯ ಅವಳ ತಂಗಿಯ ಮೈಕಟ್ಟಿನ ಬಗ್ಗೆ ಮೈದುನ ಆಡಿದ್ದು. ಅವಳ ಗಂಡ ಅದಕ್ಕೆ ನಕ್ಕಿದ್ದ. ತಂಗಿ ಅಲ್ಲೇ ಕೂತು ಅವರು ಕೊಟ್ಟ ಬಿಸ್ಕತ್ತು ತಿನ್ನುತ್ತಿದ್ದಳು.

ಅತ್ತೆಗೆ ಗೊತ್ತಿತ್ತೇ? ಇದು ಅವಳನ್ನು ಈಗಲೂ ಕೆರೆಯುವ ಪ್ರಶ್ನೆ. ಅತ್ತೆ ಸತ್ತು ಎಷ್ಟೋ ಕಾಲವಾಯಿತು. ಒಂದು ಮಧ್ಯಾಹ್ನ ಇಬ್ಬರೂ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಾಗ ಹೊರಗಿನಿಂದ ಮಾವ ಮಗನಿಗೆ ಏನೋ ಅಂದರು, ಯಾರೋ ಹೆಂಗಸಿನ ವಿಷಯ, ಯಾವ ಹೆಂಡತಿಯೂ ಕೇಳಬಾರದಂಥದ್ದು. ಅತ್ತೆಯ ಚಾಕು ನಿಂತಿತು. ಒಂದು ಉಸಿರು ನಿಂತು ಮತ್ತೆ ಹೆಚ್ಚತೊಡಗಿತು. ಸೊಸೆ ತಲೆ ಎತ್ತಿ ನೋಡಿದಳು, ಅತ್ತೆ ನೋಡಲಿಲ್ಲ. ಅಥವಾ ಚಾಕು ನಿಂತದ್ದು ದಂಟು ಗಟ್ಟಿಯಾಗಿದ್ದುದಕ್ಕೋ? ಕೇಳಬಹುದಿತ್ತು. ಕೇಳಿದರೆ ತನಗೆ ಗೊತ್ತಿದೆಯೆಂದು ಹೇಳಿದಂತಾಗುತ್ತಿತ್ತು. ಹೀಗೆ ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಪ್ರಾಯಶಃ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು ಬಾಳಿದರು. ನೆನೆದಾಗ ಅವಳಿಗೆ ಅತ್ತೆಯ ಮೇಲೆ ಕನಿಕರ ಬರುವುದಿಲ್ಲ, ಸಿಟ್ಟು ಬರುತ್ತದೆ. ನೀನಾದರೂ ಬಾಯಿಬಿಡಬಹುದಿತ್ತಲ್ಲ, ಮುದುಕಿ.

ಮಧ್ಯಾಹ್ನ ಮಾವ ಹಾಸಿಗೆ ಒದ್ದೆ ಮಾಡಿದರು. ಅದಕ್ಕೆ ಮೊದಲು "ಚಿರಪು, ಚಿರಪು" ಎಂದು ಅವಸರದಿಂದ ಅಂದಿದ್ದರು. ಯಾರೋ ಬರುತ್ತಿದ್ದಾರೆ, ಬೇಗ ಮುಗಿಸಿ ಎಂಬುದಕ್ಕೆ ಅಂಗಡಿಯಲ್ಲಿ ಹೇಳುವ ಪದ. ಇದಕ್ಕಿಂತ ಹತ್ತಿರದ ಪದ ಆ ಭಾಷೆಯಲ್ಲಿ ಅವರಿಗೆ ಸಿಕ್ಕಿರಲಿಕ್ಕಿಲ್ಲ. ಎಂಥ ಭಾಷೆ ಕಟ್ಟಿದರಪ್ಪ! ಮೋಸಕ್ಕೆ ಬೇಕಾದ ಪದವೆಲ್ಲ ಇದೆ, ಬೆಲೆಗೆ, ಹುಳುಕಿಗೆ, ಮಂಗ ಮಾಡುವುದಕ್ಕೆ, ಹಿಂಬಾಗಿಲಿಂದ ಸಾಗಿಸುವುದಕ್ಕೆ. ಬಾಯಾರಿಕೆಗಿಲ್ಲ, ನೋವಿಗಿಲ್ಲ, ಉಚ್ಚೆಗೂ ಇಲ್ಲ. ಅವಳು ಕುರ್ಚಿಯಲ್ಲಿ ಕೂತು "ಯಾರೂ ಬಂದಿಲ್ಲ ಮಾವ" ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಅವರ ಮುಖ ಕೆಂಪಾಗಿ ಆಮೇಲೆ ಸಡಿಲಾಗುವುದನ್ನು ನೋಡಿದಳು. ಆಮೇಲೆ ಮೂಗು ಮುಚ್ಚಿಕೊಳ್ಳದೆ ಎಲ್ಲವನ್ನೂ ಬಳಿದಳು. ಕೆಲಸದಲ್ಲಿ ಅವಳದು ಎತ್ತಿದ ಕೈ, ಬಂದವರೆಲ್ಲ ಇಂಥ ಸೊಸೆ ಸಿಗಬೇಕು ಅನ್ನುತ್ತಾರೆ. ಮುದುಕರನ್ನು ಒಂದು ಮಗ್ಗುಲಿಗೆ ಹೊರಳಿಸಿ ಹಿಡಿದಾಗ ಅವರ ಬೆನ್ನು ಎಷ್ಟು ಚಿಕ್ಕದಾಗಿದೆ ಎಂದು ಆಶ್ಚರ್ಯವಾಯಿತು. ಇದೇ ಬೆನ್ನು ಅವಳ ಅಪ್ಪನ ಮನೆಯ ಮುಂಗೋಣೆಯಲ್ಲಿ ಇಡೀ ಬಾಗಿಲನ್ನು ತುಂಬಿಕೊಂಡು ನಿಂತಿತ್ತು. ಸಂಬಂಧ ಕೇಳಲು ಬಂದವರು. ಅಪ್ಪ ತರಿಸಿದ ಕಾಫಿಯ ಲೋಟಗಳನ್ನು ಅವಳೇ ಕೊಟ್ಟಿದ್ದಳು. ಮಾವ ಅವಳನ್ನು ಪಾದದಿಂದ ಮೇಲಕ್ಕೆ ನಿಧಾನವಾಗಿ ನೋಡಿ, ಮಗನ ಕಡೆ ತಿರುಗಿ, ತುಂಬ ಮೆದುವಾಗಿ ಎರಡು ಪದ ಹೇಳಿದ್ದರು. ಗಸ್ಕಲು. ಪರ್ಗು. ಅಪ್ಪ ಅದನ್ನು ಹೊಗಳಿಕೆ ಅಂದುಕೊಂಡು ಹಲ್ಲು ಬಿಟ್ಟ. ಮಗ ಒಂದೇ ಒಂದು ಮಾತು ಹೇಳಿ ನಕ್ಕ, ಸಂಬಂಧ ಕುದುರಿತು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ಗೋದಾಮಿಗೆ ಒಂದು ಬೀರು ಬಂತು. ಮುಂದೆ ಕನ್ನಡಿಯಂತೆ ಹೊಳೆಯುತ್ತಿತ್ತು, ಹಿಂದಿನ ಹಲಗೆ ಬೆರಳಿಟ್ಟರೆ ಪುಡಿ. ಮಾವ ಅದರ ಹಿಂದೆ ಬೆರಳಾಡಿಸಿ, ಗಸ್ಕಲು ಅಂದರು. ಅವಳು ಪುಡಿ ಗುಡಿಸುತ್ತಿದ್ದಳು. ಪರ್ಗು ಅಂದರೆ ಬಿಟ್ಟು ಎದ್ದು ಬಾ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಮಗ ಆವತ್ತು ಅಪ್ಪನ ಮಾತು ಮೀರಿ ಏನಂದಿದ್ದ ಎಂಬುದೂ ತಿಳಿಯಲು ಇನ್ನೊಂದು ಚಳಿಗಾಲ ಹಿಡಿಯಿತು, ಒಂದು ಜೊತೆ ಕುರ್ಚಿಯ ಚೌಕಾಸಿಯಲ್ಲಿ ಅದೇ ಮಾತು ಬಂತು: ಇರಲಿ, ಅಗ್ಗಕ್ಕೆ ಬೀಳುತ್ತೆ. ಆ ರಾತ್ರಿ ಗಂಡ ಮೈಮೇಲೆ ಕೈ ಹಾಕಿದಾಗ ಅವಳು ಹಲಗೆಯಂತೆ ಬಿದ್ದುಕೊಂಡಿದ್ದಳು. ಏನಾಯಿತು ನಿನಗೆ ಎಂದ. ಬೆನ್ನು ನೋವು ಅಂದಳು.

ಸಂಜೆ ಅಂಗಡಿ ಮುಚ್ಚಿ ಅಣ್ಣ ತಮ್ಮ ಇಬ್ಬರೂ ನೇರ ಅಪ್ಪನ ಮಂಚದ ಹತ್ತಿರ ಬಂದರು, ದಿನದ ವ್ಯಾಪಾರ ಒಪ್ಪಿಸುವುದು ಈಗಲೂ ತಪ್ಪಿಲ್ಲ. ಅವಳು ಒಗೆದ ಬಟ್ಟೆ ಮಡಿಸುತ್ತ ಅಲ್ಲೇ ಇದ್ದಳು. ಯಾರೂ ಅವಳನ್ನು ಆಚೆ ಕಳಿಸಲಿಲ್ಲ, ಯಾವತ್ತೂ ಕಳಿಸಿಲ್ಲ, ಗೋಡೆ ಗಡಿಯಾರವನ್ನು ಯಾರಾದರೂ ಆಚೆ ಕಳಿಸುತ್ತಾರೆಯೇ? ಮುಚ್ಚುತ್ತಿರುವ ದೊಡ್ಡ ಹೋಟೆಲಿನ ಅಷ್ಟೂ ಸಾಮಾನಿಗೆ ಇದೇ ಕಸುಬಿನ ಕನ್ನಡಿ ಅಂಗಡಿಯವರೂ ಬೆಲೆ ಹಾಕುತ್ತಿದ್ದಾರೆ. ಎದುರಾಬದುರು ಏರಿಸುವುದಕ್ಕಿಂತ ಕೂಡಿ ಕೊಳ್ಳುವುದು ಲೇಸು. ಇದೆಲ್ಲ ಅವಳು ಕೇಳಿದ್ದೇ. ಕನ್ನಡಿ ಅಂಗಡಿಯ ಹಿರಿಯ ಮಗನಿಗೆ ತನ್ನ ಮಗಳನ್ನು ಕೊಡುವ ಮಾತು ನಡೆದಿದೆ ಎಂಬುದೂ ಗೊತ್ತಿದ್ದದ್ದೇ, ಅದನ್ನು ಮನೆ ಮಾತಿನಲ್ಲೇ ಹೇಳಿದ್ದರು. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಹುಡುಗ ಒಂದು ದಿನ ಅಲ್ಲಿಗೇ ಬಂದು ಒಂದು ಫ್ರೇಮು ಕೊಂಡು ಹೋಗಿದ್ದ. "ಪರವಾಗಿಲ್ಲಮ್ಮ, ನಗ್ತಾನೆ," ಎಂದು ಮಗಳು ಹೇಳಿದ್ದಳು. ನಾಳೆ ಹೋಗಿ ಮಾತು ಕೊಟ್ಟು ಬರುವುದು ಎಂದು ಗಂಡ ಈಗ ತಂದೆಗೆ ಹೇಳುತ್ತಿದ್ದ. ಅವಳು ದಿಂಬಿನ ಚೀಲ ಮಡಿಸಿದಳು. ಮೈದುನ ಉಗುರು ಕಡಿಯುತ್ತ, ಅಂಗಡಿ ಮಾತಿನಲ್ಲಿ, ಆದರೆ ಅಣ್ಣ, ಆ ಮಾಲು ಗಸ್ಕಲು ಅಲ್ಲವಾ, ಅಂದ. ಮೊದಲು ಒಂದು ಸಲ ಜೋಡಿಸಿದ್ದರಂತೆ, ಆ ಕುರ್ಚಿ ಕೈ ಮುರಿದುಕೊಂಡು ತವರಿಗೆ ವಾಪಸ್ಸು ಹೋಯಿತಂತೆ. ಕುರ್ಚಿ ತವರಿಗೆ ಹೋಗುವುದಿಲ್ಲ. ಅವಳ ಬೆರಳು ಬಟ್ಟೆಯ ಮಡಿಕೆಯಲ್ಲಿ ನಿಂತಿತು. ಗಂಡ ಸಮಾಧಾನದಿಂದ ಉತ್ತರ ಕೊಟ್ಟ. ಗೊತ್ತು, ಅವರೇ ಹೇಳಿದರು, ವ್ಯವಹಾರದಲ್ಲಿ ಮುಚ್ಚುಮರೆ ಇಲ್ಲ. ಅದಕ್ಕೇ ಪಾಲು ನಮಗೆ ಹೆಚ್ಚು ಬಿಡುತ್ತಿದ್ದಾರೆ. ಮುಂಭಾಗ ಚೆನ್ನಾಗಿದೆ, ಹಿಂಭಾಗ ಯಾರು ನೋಡುತ್ತಾರೆ? ಮನೆಯ ಲೊಂಬೆಗಳಿಗೆ ಹೇಳುವುದೇನೂ ಬೇಡ.

ಆಗ ಮಂಚದಿಂದ ಮಾವ, "ಪರ್ಗು," ಅಂದರು.

ಧ್ವನಿ ಹಳೆಯದೇ, ಗೋದಾಮಿನ ಬಾಗಿಲು ತುಂಬುತ್ತಿದ್ದಾಗಿನದು. ಮಕ್ಕಳಿಬ್ಬರೂ ತಿರುಗಿದರು. ಪರ್ಗು, ಪರ್ಗು. ಬಿಡು, ಎದ್ದು ಬಾ. ಮೈದುನ ನಕ್ಕು, ಅಪ್ಪ ಯಾವ ಬೀರು ನೋಡುತ್ತಿದ್ದಾರೋ, ಅಂದ. ಗಂಡ ತಂದೆಯ ಹೊದಿಕೆ ಎಳೆದು ಸರಿಮಾಡಿದ. ಅವಳು ಮಡಿಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ಮೊಮ್ಮಗಳನ್ನು ಉಳಿಸಲು ಹೇಳುತ್ತಿದ್ದಾರೆಯೇ ಈ ಮನುಷ್ಯ? ಅಥವಾ ಪಾಲು ಇನ್ನೂ ಹೆಚ್ಚು ಕೇಳಬೇಕಿತ್ತು, ವ್ಯವಹಾರ ಕೆಟ್ಟದ್ದು ಎಂದೋ? ಅವರ ಮುಖ ನೋಡಿದಳು, ಅರ್ಧ ಸತ್ತ ಮುಖದಲ್ಲಿ ಏನೂ ತಿಳಿಯಲಿಲ್ಲ. ಆ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ. ಯಾವುದಾದರೂ ಇರಲಿ, ಹಾಳಾಗಿ ಹೋಗಲಿ. ಕೈ ಮುರಿದುಕೊಂಡ ಹುಡುಗಿ ಯಾರ ಮಗಳೋ ಎಲ್ಲೋ ಒಂದು ಕೋಣೆಯಲ್ಲಿ ಕೂತಿದ್ದಾಳೆ. ಈಗ ಬಾಯಿ ತೆರೆದರೆ ಇಷ್ಟು ವರ್ಷ ಕೇಳಿದ್ದೆಲ್ಲ ಕೇಳಿದ್ದಾಗುತ್ತದೆ, ನುಂಗಿದ್ದೆಲ್ಲ ನುಂಗಿದ್ದಾಗುತ್ತದೆ. ಅರ್ಥವಾಗಿರಲಿಲ್ಲ ಎಂಬ ಒಂದೇ ಒಂದು ಮಾನವಾದರೂ ಇತ್ತು, ಅದೂ ಹೋಗುತ್ತದೆ. ನಾಳೆ ಬೆಳಿಗ್ಗೆ ಯಾವ ಮುಖ ಹೊತ್ತುಕೊಂಡು ಇವರಿಗೆ ಬಡಿಸುವುದು? ಬಾಯಿ ತೆರೆಯದಿದ್ದರೆ ಮಗಳು ಹೋಗುತ್ತಾಳೆ.

"ಪರ್ಗು," ಅಂದಳು ಅವಳು.

ಜನ್ಮದಲ್ಲಿ ಮೊದಲ ಸಲ ಆ ಪದ ಅವಳ ಬಾಯಿಂದ ಹೊರಬಿದ್ದದ್ದು. ತನ್ನ ಧ್ವನಿ ಕೇಳಿ ಅವಳಿಗೇ ಅಸಹ್ಯವಾಯಿತು, ಥೇಟು ಮಾವನ ಧಾಟಿ, ಕಲಿತದ್ದು ಅವರಿಂದಲ್ಲವೇ. ಮೈದುನನ ಬೆರಳು ಬಾಯಲ್ಲೇ ಉಳಿಯಿತು. ಗಂಡ, ಗೋಡೆ ಮಾತಾಡಿತೋ ಎಂಬಂತೆ ಮೊದಲು ಗೋಡೆಯ ಕಡೆ ನೋಡಿದ. ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರುವುದಿಲ್ಲವೆಂದು, ತಡವರಿಸುತ್ತ, ಅಂಗಡಿ ಮಾತಿನಲ್ಲೇ, ಮಾಲು ಗಸ್ಕಲು, ಕುರ್ಚಿಯ ಕೈ ಮುರಿದವನು ಅವನೇ, ನಾನು ಲೊಂಬೆ ಅಲ್ಲ, ಎಂದು ಹೇಳಿ ಮುಗಿಸಿದಳು. ಉಚ್ಚಾರ ಎಲ್ಲೋ ಒಂದೆರಡು ಕಡೆ ತಪ್ಪಿರಬೇಕು, ಮಂಚದಲ್ಲಿದ್ದ ಮಾವನ ಹುಬ್ಬು ಗಂಟಿಕ್ಕಿತು.

"ಯಾರು ಕಲಿಸಿದ್ದು?" ಅಂದ ಗಂಡ. ಮಗಳ ವಿಷಯ ಅಲ್ಲ, ಹುಡುಗನ ವಿಷಯ ಅಲ್ಲ, ಮೊದಲು ಬಂದದ್ದು ಅದು. "ಹೇಳು, ಯಾರು ಕಲಿಸಿದ್ದು ನಿಂಗೆ?"

"ನೀವೇ."

"ಅಮ್ಮ ಹೇಳಿಕೊಟ್ಟಳಾ?"

"ನೀವೇ ಅಂದ್ನಲ್ಲ. ದಿನಾ ನನ್ನ ಮುಂದೆ ಕೂತು ಪಾಠ ಹೇಳಿದ್ದೀರಿ, ಮೂರು ಜನಾನೂ."

"ಅತ್ತಿಗೆ, ಏನೋ ನಾಲ್ಕು ಪದ ಕೇಳಿರಬಹುದು ನೀವು," ಎಂದು ಮೈದುನ ನಗಲು ನೋಡಿದ. "ಅದನ್ನೇ ಹಿಡ್ಕೊಂಡು..."

"ನನ್ನ ತಂಗಿ ಬಿಸ್ಕತ್ತು ತಿಂತಾ ಕೂತಿದ್ದಾಗ ನೀನು ಏನಂದೆ ಅಂತ ಹೇಳ್ಲಾ? ಗೋದಾಮಿನಿಂದ ನಿನ್ನ ಹೆಂಡ್ತೀನೂ ಕರೀತೀನಿ, ಅವಳೂ ಕೇಳಲಿ."

ಅವನ ಮುಖ ಬಿಳಿಚಿಕೊಂಡಿತು. ಗಂಡ ಅವಳನ್ನೇ ನೋಡುತ್ತಿದ್ದ; ಅವನು ಹಿಂದಕ್ಕೆ ಹೋಗುತ್ತಿದ್ದಾನೆ ಎಂದು ಅವಳಿಗೆ ಕಂಡಿತು, ವರ್ಷದಿಂದ ವರ್ಷಕ್ಕೆ, ಊಟದಿಂದ ಊಟಕ್ಕೆ, ಅವಳಿದ್ದ ಒಂದೊಂದು ಕೋಣೆಯಲ್ಲಿ ತಾನು ಏನೇನು ಅಂದಿದ್ದೆ ಎಂದು ತಡಕಾಡಿಕೊಂಡು. ಅವಳ ಅಪ್ಪನ ಮನೆಯ ಮುಂಗೋಣೆಗೆ ಹೋಗಿ ಮುಟ್ಟಿದ್ದು ಯಾವಾಗ ಎಂಬುದೂ ಗೊತ್ತಾಯಿತು, ಆಗ ಕಣ್ಣು ಕೆಳಗೆ ಹಾಕಿದ. ಒಂದು ಗಳಿಗೆ ಅವನು ಏನಾದರೂ ಅಂದಾನು ಎಂದು ಅವಳು ಕಾದಳು. ಅವಳ ನಾಚಿಕೆಗೇಡಿನ ಆಸೆ ಅದು. ಅವನು ಅಂದದ್ದು ಬೇರೆ. "ಇಷ್ಟು ವರ್ಷ ಕಳ್ಳಿಯ ಹಾಗೆ ಕೇಳಿಸ್ಕೊಂಡು ಕೂತಿದ್ದೆಯಲ್ಲ. ನಿನ್ನನ್ನ ಮನೆಯವಳು ಅಂದ್ಕೊಂಡಿದ್ದೆ."

"ಆ ಮನೆಗೆ ನನ್ನ ಮಗಳು ಹೋಗಲ್ಲ."

"ನಾಳೆ ಮಾತು ಕೊಡ್ತೀನಿ ಅಂದಿದ್ದೀನಿ. ಆಗಲ್ಲ ಅಂದ್ರೆ ಹೋಟೆಲ್ ಮಾಲು ಅವರ ಪಾಲು. ಅದರ ಅರ್ಥ ಗೊತ್ತಾ ನಿನಗೆ?"

"ಸರಿ, ಕೊಡಿ. ನಾಡಿದ್ದಿನಿಂದ ನೀವು ಯಾರ ಮನೆಗೆ ಹೋದರೂ ನಾನೂ ಹಿಂದೇನೇ ಬರ್ತೀನಿ. ಗಂಡ ಸತ್ತವಳ ಪಕ್ಕದಲ್ಲೇ ಕೂತ್ಕೋತೀನಿ. ನೀವು ಆಡಿದ ಒಂದೊಂದು ಮಾತಿಗೂ ಅರ್ಥ ಹೇಳ್ತೀನಿ. ಒಂದು ಮುರುಕು ಸ್ಟೂಲು ಸಿಕ್ಕರೆ ಕೇಳಿ ನಿಮಗೆ."

ಇದು ಅವರಿಗೆ ನಾಟಿತು. ಮಗಳ ಕೈ ಮುರಿದೀತೆಂಬುದು ನಾಟಿರಲಿಲ್ಲ, ಇದು ನಾಟಿತು. ಮೈದುನ ಅಣ್ಣನ ತೋಳು ಮುಟ್ಟಿ, "ಬಿಡೋ ಅಣ್ಣ, ಬೇರೆ ಏನಾದ್ರೂ ಹೇಳಿ ಕಳಿಸೋಣ," ಎಂದು ಮನೆ ಮಾತಿನಲ್ಲಿ ಅಂದ. ಮನೆ ಮಾತಿನಲ್ಲಿ ಅವನ ಧ್ವನಿ ತೀರ ಸಾಧಾರಣ ಮನುಷ್ಯನ ಹಾಗಿತ್ತು. ಗಂಡ ಬಾಗಿಲಿಗೆ ಹೋದವನು ಅಲ್ಲೇ ನಿಂತ. ಹೊಸ್ತಿಲಿನಲ್ಲಿ ಮಗಳಿದ್ದಳು. ಕೆಲಸದಿಂದ ಯಾವಾಗ ಬಂದಳೋ, ಭುಜದಲ್ಲಿ ಚೀಲ ಹಾಗೇ ಇತ್ತು. ಅವನು ಅವಳನ್ನು ಬಳಸಿಕೊಂಡು ಹೊರಗೆ ಹೋದ, ಹಿಂದೆಯೇ ತಮ್ಮ. ಅವಳು ಮಗಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದಳು, ಮೊದಲ ಹೆಂಡತಿ, ಕೈ, ಹೋಟೆಲು. ಹೇಳಿ, ತಬ್ಬಿಕೊಳ್ಳುತ್ತಾಳೇನೋ ಎಂದು ನಿಂತಳು. ಮಗಳು ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

"ಯಾವಾಗಿನಿಂದ ಗೊತ್ತಿತ್ತು ನಿನಗೆ?"

"ಈಗ ತಾನೇ ಹೇಳಿದ್ರು, ಈಗಲೇ..."

"ಹುಡುಗನ ವಿಷಯ ಅಲ್ಲಮ್ಮ. ಆ ಮಾತು. ಅದು ಯಾವಾಗಿನಿಂದ ಗೊತ್ತಿತ್ತು?"

ಅವಳು ಚೀಲ ತೆಗೆದುಕೊಳ್ಳಲು ಕೈ ಚಾಚಿದಳು, ಮಗಳು ಬಿಡಲಿಲ್ಲ.

"ಚಿಕ್ಕವಳಿದ್ದಾಗ ಊಟಕ್ಕೆ ಕೂತರೆ ಅವರೆಲ್ಲ ನನ್ನ ನೋಡಿ ಏನೋ ಅಂದು ನಗೋರು. ನಾನು ನಿನ್ನ ಹತ್ರ ಬಂದು ಏನಂದ್ರಮ್ಮ ಅಂತ ಕೇಳ್ತಿದ್ದೆ. ನೀನು, ನನಗೇನು ಗೊತ್ತು ಪುಟ್ಟಾ ಅಂತಿದ್ದೆ. ಗೊತ್ತಿತ್ತಾ ಆವಾಗ? ನನಗ್ಯಾಕೆ ಹೇಳಿಕೊಡಲಿಲ್ಲ?"

ನಿನ್ನನ್ನು ನೋಯಿಸಬಾರದು ಅಂತ, ಎಂದು ಹೇಳಲು ಬಾಯಿ ತೆರೆದು ಅದು ಸುಳ್ಳೆಂದು ತಕ್ಷಣ ಹೊಳೆದು ಮುಚ್ಚಿದಳು. ಹೇಳಿಕೊಟ್ಟಿದ್ದರೆ ಅದು ತನ್ನೊಬ್ಬಳದಾಗಿ ಉಳಿಯುತ್ತಿರಲಿಲ್ಲ. ಈ ಮನೆಯಲ್ಲಿ ಅವಳದು ಎಂದು ಇದ್ದದ್ದು ಅದೊಂದೇ. ಕುಡಿಕೆಯಲ್ಲಿ ಹುಗಿದಿಟ್ಟಂತೆ ಇಟ್ಟುಕೊಂಡಿದ್ದಳು, ಮಗಳಿಗೂ ಬಿಚ್ಚಲಿಲ್ಲ. ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದೂ ಕೇಳಿಸಿತು. ಸಂಬಂಧ ತಪ್ಪಿತು, ಸರಿ, ಅದೊಂದು ಆಯಿತು ಎಂದುಕೊಂಡು ಅವಳು ಉಳಿದ ಬಟ್ಟೆ ಮಡಿಸಿದಳು.

ಬೆಳಿಗ್ಗೆ ಎಂದಿನಂತೆ ಮಕ್ಕಳು ತಂದೆಯ ಮಂಚದ ಹತ್ತಿರ ಬಂದು ನಿಂತರು. ಅವಳು ಮೈ ಒರೆಸಲು ಬಿಸಿನೀರಿನ ಪಾತ್ರೆ ಹಿಡಿದು ಬಂದಾಗ ಅವರು ಮಾತಾಡುತ್ತಿದ್ದರು, ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಅಲ್ಲೇ ನಿಂತು ಕಿವಿಗೊಟ್ಟಳು. ರಾತ್ರೋರಾತ್ರಿ ಕಟ್ಟಿದ ಹೊಸ ಮಾತು. ಇನ್ನೂ ಹದವಾಗಿರಲಿಲ್ಲ, ಅಣ್ಣ ಒಂದು ಪದಕ್ಕೆ ತಡವರಿಸಿದ, ತಮ್ಮ ನೆನಪಿಸಿದ, ಇಬ್ಬರೂ ಶಾಲೆ ತಪ್ಪಿಸಿದ ಹುಡುಗರ ಹಾಗೆ ಕಿಸಕ್ಕನೆ ನಕ್ಕರು. ಹಳೆಯದು ಹಾಳಾಯಿತಲ್ಲ, ಹೆಂಗಸಿನ ಬಾಯಿಗೆ ಬಿದ್ದ ಮೇಲೆ ಇನ್ನು ಅದಕ್ಕೆ ಮೂರು ಕಾಸಿನ ಕಿಮ್ಮತ್ತಿಲ್ಲ. ಮಂಚದ ಮೇಲಿನ ಮುದುಕರ ಕಣ್ಣು ಒಬ್ಬನಿಂದ ಒಬ್ಬನಿಗೆ ಓಡಾಡುತ್ತಿತ್ತು. ಅವರು ಏನೋ ಕೇಳಿದರು, ಹೋಟೆಲಿನದು ಏನಾಯಿತು ಎಂಬರ್ಥದ್ದು. ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು, ಪಾತ್ರೆ ಹಿಡಿದು ನಿಂತ ಅವಳನ್ನು ನೋಡಿದರು. ಗೆಣ್ಣಿಗೆ ಹೊಡೆದು ಒಂದೊಂದೇ ಪದ ಕಲಿಸಿದ್ದ ತಂದೆಗೆ ಆ ಮಾತಿನಲ್ಲಿ ಉತ್ತರ ಕೊಡಲು ಇಬ್ಬರಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ. "ಸಂಜೆ ನೋಡೋಣ ಅಪ್ಪ, ಹೊತ್ತಾಯ್ತು," ಎಂದು ದೊಡ್ಡವನು ಮನೆ ಮಾತಿನಲ್ಲಿ ಹೇಳಿದ. ಹೆಂಡತಿಯನ್ನು ದಾಟುವಾಗ, ಬಾಗಿಲಿಗೆ ಅಡ್ಡ ನಿಂತ ಅಪರಿಚಿತಳಿಗೆ ಹೇಳುವಂತೆ, ಸ್ವಲ್ಪ ಜಾಗ ಬಿಡು ಅಂದ.

ಅವಳು ಮಾವನ ಮುಖ ಒರೆಸಿದಳು, ಕತ್ತು ಒರೆಸಿದಳು. ಅವರು ಎಂದಿನಂತೆ ಬಯ್ಯಲಿಲ್ಲ. ಬಾಗಿಲನ್ನೇ ನೋಡುತ್ತಿದ್ದರು. ಅವಳು ಪಾತ್ರೆಯನ್ನು ಒಳಗಿಟ್ಟು ಬಂದು, ಹೊದಿಕೆ ಎತ್ತಿಕೊಂಡು ಕಿಟಕಿಯ ಪಕ್ಕ ಕೂತ ಮೇಲೆ ಎಷ್ಟೋ ಹೊತ್ತಿಗೆ ಅವರು ಮಾತಾಡತೊಡಗಿದರು. ಬಾಗಿಲ ಪಕ್ಕದ ಬೀರುವಿನಿಂದ ಶುರು. ಮರ ಯಾವುದು, ಹುಳುಕು ಎಲ್ಲಿ, ಬೆಲೆ ಎಷ್ಟು. ಆಮೇಲೆ ಗಡಿಯಾರ. ಆಮೇಲೆ ಕಿಟಕಿಯ ಚೌಕಟ್ಟು. ಸತ್ತವನ ಮನೆಯಲ್ಲಿ ಹೀಗೆಯೇ, ಬಾಗಿಲಿಂದ ಹಿಡಿದು ಗೋಡೆಯ ಗುಂಟ ಒಂದು ಸುತ್ತು. ಒಂದೊಂದಕ್ಕೂ ಬೆಲೆ ಹೇಳಿ ಸ್ವಲ್ಪ ನಿಲ್ಲಿಸುತ್ತಿದ್ದರು, ಯಾಕೆಂದರೆ ಹೇಳಿದ ಬೆಲೆಗೆ ಎದುರಿನವರು ಏನಾದರೂ ಅನ್ನಬೇಕು, ಸುಮ್ಮನಿದ್ದರೆ ಒಪ್ಪಿದಂತೆ. ಯಾರೂ ಏನೂ ಅನ್ನಲಿಲ್ಲ. ಸುತ್ತು ಮುಗಿದು ಮಂಚಕ್ಕೆ ಬಂತು. ಮಾವ ತಾವು ಮಲಗಿದ್ದ ಮಂಚದ ಅಂಚನ್ನು ಎಡಗೈಯಿಂದ ಬಡಿದು, ಅವಳನ್ನೇ ನೇರ ನೋಡುತ್ತ, ಒಂದು ಬೆಲೆ ಹೇಳಿದರು. ಈ ಸಲ ಮಾರುವವನ ಹಾಗೆ, ಬಾಯಿಗೆ ಬಂದಷ್ಟು ದೊಡ್ಡ ಬೆಲೆ, ಏನೂ ತಿಳಿಯದ ಗಿರಾಕಿಗೆ ಹೇಳುವಂಥದ್ದು.

ಅವಳು ಸೂಜಿ ಚುಚ್ಚಿಟ್ಟಳು. ಮಂಚವನ್ನು ಕಾಲಿನಿಂದ ಮೇಲಕ್ಕೆ ನಿಧಾನವಾಗಿ ನೋಡಿದಳು. ಕೀಲು ಸಡಿಲ, ಪಕ್ಕದ ಹಲಗೆ ನೆನೆದು ಉಬ್ಬಿದೆ ಎಂದು ಅಂಗಡಿ ಮಾತಿನಲ್ಲಿ ಹೇಳಿ, ಅರ್ಧಕ್ಕಿಂತ ಕೆಳಗೆ ಇಳಿಸಿದಳು. ಮುದುಕರ ಮುಖದ ಬದುಕಿದ್ದ ಅರ್ಧಕ್ಕೆ ರಕ್ತ ನುಗ್ಗಿತು. ಅವಳು ತಪ್ಪಾಗಿ ಉಚ್ಚರಿಸಿದ ಒಂದು ಪದವನ್ನು ತಿದ್ದಿ, ಚೂರೇ ಚೂರು ಇಳಿದರು. ಅವಳು ಏರಲಿಲ್ಲ. ಅವರು ಇನ್ನೊಂದು ಚೂರು ಇಳಿದರು. ಈ ಮನೆಗೆ ಬಂದಾಗಿನಿಂದ ಅವರಿಬ್ಬರೂ ಇಷ್ಟು ಹೊತ್ತು ಮಾತಾಡಿರಲಿಲ್ಲ. ಅವಳಿಗೆ ಮೈ ಬಿಸಿಯಾಗುತ್ತಿತ್ತು, ಕುರ್ಚಿಯ ತುದಿಗೆ ಬಂದು ಕೂತಿದ್ದಳು, ಎಂದೋ ಕೇಳಬೇಕೆಂದಿದ್ದುದನ್ನು ಕೇಳಿಯೇಬಿಟ್ಟಳು: ಮಂಚ ಯಾವಾಗ ಖಾಲಿ ಮಾಡಿಕೊಡುತ್ತೀರಿ?

ಮಾವನ ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಯಾವಾಗ ಒಯ್ಯಬಹುದು ಎಂದು ಕೇಳುವವನಿಗೆ ಮಾಲು ಬೇಕೇ ಬೇಕು ಎಂದು ಯಾವ ಕಸುಬಿನವನಿಗೆ ತಿಳಿಯುವುದಿಲ್ಲ? ಅವಳನ್ನು ನೋಡುತ್ತ, ಪದಪದವನ್ನೂ ಬಿಡಿಸಿ ಬಿಡಿಸಿ, ಅವರು ಬೆಲೆ ಏರಿಸಿದರು.